ಚೆಷೈರ್ ಹೋಮ್ ಕಟ್ಟಿದ ಬಾಂಬರ್ ಪೈಲಟ್: ಅದು ಪ್ರಾಯಶ್ಚಿತ್ತವಾಗಿತ್ತೇ?

ಪ್ರಶ್ನೆ (ನಿವೃತ್ತ ಶಿಕ್ಷಕಿ, ಬೆಂಗಳೂರು)

ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿ ಓಡಾಡಿದವರು ಚೆಷೈರ್ ಹೋಮ್ ಎಂಬ ಫಲಕವನ್ನು ಒಮ್ಮೆಯಾದರೂ ಕಂಡಿರುತ್ತೀರಿ. ಅಂಗವಿಕಲರಿಗಾಗಿ ಇರುವ ಆ ಮನೆಗೆ ಹೆಸರು ಬಂದದ್ದು ಲೆನಾರ್ಡ್ ಚೆಷೈರ್ ಅವರಿಂದ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ಬಾಂಬರ್ ಪೈಲಟ್ ಆಗಿದ್ದ ಅವರು ನೂರು ದಾಳಿಗಳಲ್ಲಿ ಹಾರಿ, 1944ರಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದು, 1945ರ ಆಗಸ್ಟ್ 9ರಂದು ನಾಗಸಾಕಿಯ ಮೇಲೆ ಅಣುಬಾಂಬು ಬಿದ್ದಾಗ ಬ್ರಿಟನ್ನಿನ ಅಧಿಕೃತ ವೀಕ್ಷಕರಾಗಿ ಅಮೆರಿಕದ ವಿಮಾನವೊಂದರಲ್ಲಿದ್ದರು. ನಾನು ಶಾಲೆಯಲ್ಲಿ ಪಾಠ ಹೇಳುತ್ತಿದ್ದಷ್ಟು ಕಾಲವೂ ಮಕ್ಕಳಿಗೆ ಒಂದೇ ಕಥೆ ಹೇಳಿಕೊಂಡು ಬಂದೆ: ಆ ಹೊಗೆಯನ್ನು ಕಂಡು ಅವರ ಮನಸ್ಸು ಮುರಿಯಿತು, ಕೊಂದ ಪಾಪ ಕಾಡಿತು, ದೇವರ ಕಡೆ ಹೊರಳಿ, ಉಳಿದ ಆಯುಷ್ಯವನ್ನು ರೋಗಿಗಳ ಸೇವೆಗೆ ಮುಡಿಪಿಟ್ಟರು ಎಂದು.

ಕಳೆದ ತಿಂಗಳು ಅದೇ ರಸ್ತೆಯಲ್ಲಿ ಸಿಗ್ನಲ್ ಬಿಡುವುದನ್ನು ಕಾಯುತ್ತ ಕುಳಿತಾಗ ನನ್ನ ಅಕ್ಕನ ಮಗನಿಗೂ ಈ ಕಥೆಯನ್ನು ಹೇಳಿದೆ. ಅವನಿಗೆ ಹತ್ತೊಂಬತ್ತು ವರ್ಷ, ಚಿಕ್ಕಂದಿನಿಂದಲೂ ಗಾಲಿಕುರ್ಚಿಯಲ್ಲಿ ಓಡಾಡುವವನು. ಕೊನೆಯವರೆಗೂ ಸುಮ್ಮನೆ ಕೇಳಿಸಿಕೊಂಡು, "ಹಾಗಾದರೆ ಅಲ್ಲಿರುವವರೆಲ್ಲ ಅವರ ಪಾಪ ತೊಳೆಯುವ ನೀರಾ, ಚಿಕ್ಕಮ್ಮ?" ಎಂದು ಕೇಳಿದ. ಸಿಗ್ನಲ್ ಬಿಟ್ಟಿತು, ನಾನು ಉತ್ತರ ಕೊಡಲಿಲ್ಲ, ಕೊಡಲು ನನ್ನ ಬಳಿ ಇರಲೂ ಇಲ್ಲ.

ಮೂವತ್ತು ವರ್ಷ ಹೇಳಿದ ಕಥೆ ನಿಜವೋ ಅಥವಾ ನಮ್ಮ ಅನುಕೂಲಕ್ಕೆ ನಾವೇ ಹೆಣೆದುಕೊಂಡದ್ದೋ ಎಂಬುದನ್ನು ತಿಳಿದವರು ಹೇಳಬೇಕು. ಕರ್ತವ್ಯ, ದೈವಭಕ್ತಿ, ಸಂಸಾರ ಈ ಮೂರನ್ನು ಆ ಮನುಷ್ಯ ಹೇಗೆ ನಿಭಾಯಿಸಿದರು ಎಂಬುದನ್ನೂ ತಿಳಿಯುವ ಆಸೆಯಿದೆ.

ಉತ್ತರ 1 (ವಕೀಲ, ಧಾರವಾಡ)

ನಮಸ್ಕಾರ ಮೇಡಂ. ಕಾನೂನು ಓದಿದ ನಮ್ಮಂಥವರಿಗೆ ಚೆಷೈರ್ ಎಂದರೆ ಮೊದಲು ನೆನಪಾಗುವುದು ಒಪ್ಪಂದದ ಕಾನೂನಿನ ಮೇಲೆ ಫಿಫೂಟ್ ಅವರೊಡನೆ ದಪ್ಪ ಗ್ರಂಥ ಬರೆದ ಜೆಫ್ರಿ ಚೆಷೈರ್. ಈ ಪೈಲಟ್ ಅವರ ಹಿರಿಯ ಮಗ. ಮಗನೂ ಆಕ್ಸ್‌ಫರ್ಡಿನ ಮೆರ್ಟನ್ ಕಾಲೇಜಿನಲ್ಲಿ ಕಾನೂನನ್ನೇ ಓದಿದರು, ಆದರೆ ಓದಿಗಿಂತ ವೇಗದ ಕಾರುಗಳ ಮೇಲೆ ಮತ್ತು ವಿಶ್ವವಿದ್ಯಾಲಯದ ಹಾರಾಟದ ದಳದ ಮೇಲೆ ಅವರ ಗಮನ ಹೆಚ್ಚಾಗಿತ್ತು. ಈ ವಂಶಾವಳಿಯನ್ನು ಎತ್ತಿದ್ದಕ್ಕೆ ಕಾರಣವಿದೆ: ಆರೋಪಿಯೇ ಒಪ್ಪಿಕೊಳ್ಳದ ತಪ್ಪನ್ನು ಅವನ ಮೇಲೆ ಹೊರಿಸುವಾಗ ವಕೀಲನಾದವನು ಎರಡು ಬಾರಿ ಯೋಚಿಸಬೇಕಾಗುತ್ತದೆ.

ಚೆಷೈರ್ ಅವರೇ ಈ ಪ್ರಾಯಶ್ಚಿತ್ತದ ಕಥೆಯನ್ನು ಜೀವನದುದ್ದಕ್ಕೂ ನಿರಾಕರಿಸಿದರು. ಅಣುಬಾಂಬು ಯುದ್ಧವನ್ನು ಬೇಗ ಮುಗಿಸಿತು, ಮುಗಿಯದಿದ್ದರೆ ಇನ್ನೂ ಹೆಚ್ಚು ಜನ ಸಾಯುತ್ತಿದ್ದರು ಎಂಬ ನಿಲುವನ್ನು ಅವರು ಕೊನೆಯವರೆಗೂ ಬಿಡಲಿಲ್ಲ. 1980ರ ದಶಕದಲ್ಲಿ, ಇಂಗ್ಲೆಂಡಿನ ಬೀದಿಬೀದಿಗಳಲ್ಲಿ ಅಣ್ವಸ್ತ್ರ ವಿರೋಧಿ ಮೆರವಣಿಗೆಗಳು ನಡೆಯುತ್ತಿದ್ದಾಗಲೂ, ಒಂದೇ ಪಕ್ಷ ಅಸ್ತ್ರ ಕೆಳಗಿಟ್ಟರೆ ಶಾಂತಿ ಬರುವುದಿಲ್ಲ ಎಂದು ವಾದಿಸಿದರು. ಇದನ್ನು ಒಪ್ಪುವುದು ಬಿಡುವುದು ನಮಗೆ ಬಿಟ್ಟದ್ದು (ನಾನು ಒಪ್ಪುವುದಿಲ್ಲ), ಆದರೆ ಪಶ್ಚಾತ್ತಾಪ ಪಟ್ಟವರ ಮಾತಿನ ರೀತಿ ಇದಲ್ಲ.

ನಾಗಸಾಕಿಯಲ್ಲಿ ಅವರು ಕಂಡದ್ದಾದರೂ ಎಷ್ಟು? ಬ್ರಿಟಿಷ್ ವಿಜ್ಞಾನಿ ವಿಲಿಯಂ ಪೆನ್ನಿ ಮತ್ತು ಚೆಷೈರ್ ಕುಳಿತಿದ್ದ ವಿಮಾನ ನಿಗದಿಯಾದ ಎತ್ತರ ಬಿಟ್ಟು ಬಹಳ ಮೇಲೆ ಸುತ್ತುತ್ತಿದ್ದುದರಿಂದ ಬಾಂಬು ಹೊತ್ತ ವಿಮಾನದೊಂದಿಗಿನ ಭೇಟಿಯೇ ತಪ್ಪಿಹೋಯಿತು. ಬೆಂಕಿಯನ್ನೂ ಮೋಡವನ್ನೂ ಅವರು ನೋಡಿದ್ದು ಹಲವು ಮೈಲಿಗಳಾಚೆಯಿಂದ. ಅಂದರೆ ಕಥೆಗಾರರು ಬಯಸುವ ಆ ಒಂದು ಕ್ಷಣ ಅವರಿಗೆ ಸರಿಯಾಗಿ ದಕ್ಕಲೇ ಇಲ್ಲ.

ಮನೆಗಳು ಹುಟ್ಟಿದ್ದು ಹೇಗೆ ಎಂಬುದು ಇನ್ನೂ ಸಾಧಾರಣವಾದ ಸಂಗತಿ. 1946ರ ಆರಂಭದಲ್ಲಿ ಸೇನೆ ಬಿಟ್ಟ ಮೇಲೆ ಮಾಜಿ ಸೈನಿಕರು ಒಟ್ಟಾಗಿ ದುಡಿದು ಬಾಳುವ ಒಂದು ವಸಾಹತನ್ನು ಅವರು ಕಟ್ಟಲು ಹೊರಟರು, ಅದು ಸಾಲದಲ್ಲಿ ಮುಳುಗಿತು. ಹ್ಯಾಂಪ್‌ಶೈರ್ ಸೀಮೆಯ ಲೆ ಕೋರ್ಟ್ ಎಂಬ ದೊಡ್ಡ ಬಂಗಲೆ ಖಾಲಿಯಾಗಿ ಅವರ ಕೊರಳಿಗೆ ಸುತ್ತಿಕೊಂಡಿತು. 1948ರಲ್ಲಿ ಆಸ್ಪತ್ರೆಯವರು ಹೇಳಿಕಳುಹಿಸಿದರು: ಆ ವಸಾಹತಿನಲ್ಲಿ ಹಂದಿ ಸಾಕುತ್ತಿದ್ದ ಆರ್ಥರ್ ಡೈಕ್ಸ್ ಎಂಬ ಮಾಜಿ ವಾಯುಪಡೆಯವನಿಗೆ ಕ್ಯಾನ್ಸರ್, ಇನ್ನು ನಮ್ಮಿಂದಾಗುವುದು ಏನೂ ಇಲ್ಲ, ಅವನಿಗೆ ಹೋಗಲು ಮನೆಯೂ ಇಲ್ಲ ಎಂದು. ಎಲ್ಲೆಲ್ಲೋ ವಿಚಾರಿಸಿ, ಯಾರೂ ಸೇರಿಸಿಕೊಳ್ಳದೆ ಹೋದಾಗ, ಚೆಷೈರ್ ಅವನನ್ನು ತಮ್ಮ ಖಾಲಿ ಬಂಗಲೆಗೇ ಕರೆತಂದರು. ಶುಶ್ರೂಷೆಯ ತರಬೇತಿ ಇರಲಿಲ್ಲ. ಮೈ ಒರೆಸುವುದು, ಹಾಸಿಗೆಯಲ್ಲಿ ಮಗ್ಗುಲು ಹೊರಳಿಸುವುದು, ಮಲಮೂತ್ರದ ಪಾತ್ರೆ ತೊಳೆಯುವುದು ಎಲ್ಲವನ್ನೂ ಮಾಡುತ್ತ ಮಾಡುತ್ತ ಕಲಿತರು. ಆ ವರ್ಷದ ಆಗಸ್ಟ್‌ನಲ್ಲಿ ಡೈಕ್ಸ್ ಸತ್ತ. ಅಷ್ಟರಲ್ಲಿ ಇನ್ನೊಬ್ಬ ರೋಗಿಯನ್ನು ಸೇರಿಸಿಕೊಳ್ಳುವಿರಾ ಎಂಬ ವಿಚಾರಣೆ ಬಂದಿತ್ತು, ಆಮೇಲೆ ಮತ್ತೊಂದು. ಯೋಜನೆ ಹಾಕಿ ಶುರುವಾದದ್ದು ಮುಳುಗಿತು, ಇಲ್ಲ ಎನ್ನಲಾಗದೆ ಶುರುವಾದದ್ದು ಉಳಿಯಿತು. ನಿಮ್ಮ ಅಕ್ಕನ ಮಗನಿಗೆ ಧೈರ್ಯವಾಗಿ ಹೇಳಬಹುದು: ಮೊದಲ ರೋಗಿ ಬಂದದ್ದು ಯಾರ ಪಾಪ ತೊಳೆಯಲೂ ಅಲ್ಲ, ಅವನಿಗೆ ಸಾಯಲು ಒಂದು ಜಾಗ ಬೇಕಾಗಿತ್ತು.

ಉತ್ತರ 2 (ವಾಯುಸೇನೆಯ ನಿವೃತ್ತ ತಂತ್ರಜ್ಞ, ಬೆಂಗಳೂರು)

ವಕೀಲರು ಹೇಳಿದ ಘಟನೆಗಳ ಬಗ್ಗೆ ನನ್ನ ತಕರಾರಿಲ್ಲ. ಆದರೆ ನಾಗಸಾಕಿಯಲ್ಲಿ ಮನಸ್ಸು ಕದಡಲಿಲ್ಲ ಎಂದ ಮಾತ್ರಕ್ಕೆ ಎಲ್ಲಿಯೂ ಕದಡಲಿಲ್ಲ ಎಂಬ ಅರ್ಥ ಬರಬಾರದೆಂದು ಈ ನಾಲ್ಕು ಮಾತು.

ನಾನು ವಾಯುಸೇನೆಯಲ್ಲಿ ಶಸ್ತ್ರಾಸ್ತ್ರ ವಿಭಾಗದಲ್ಲಿದ್ದವನು, ಅಂದರೆ ವಿಮಾನಕ್ಕೆ ಬಾಂಬು ಕಟ್ಟುವವನು. ಕಟ್ಟಿ ಮುಗಿದ ಮೇಲೆ, ವಿಮಾನ ಹೊರಡುವ ಮುನ್ನ, ಒಂದೊಂದು ಬಾಂಬಿನ ಸುರಕ್ಷತಾ ಪಿನ್ನನ್ನೂ ಕಿತ್ತು, ಅವುಗಳಿಗೆ ಹೊಲಿದ ಕೆಂಪು ಪಟ್ಟಿಗಳು ಕಾಣುವಂತೆ ಕೈಯಲ್ಲಿ ಎತ್ತಿ ಹಿಡಿದು ಪೈಲಟ್ಟಿಗೆ ತೋರಿಸಬೇಕು. ಅವರು ಎಣಿಸಿ ಹೆಬ್ಬೆರಳು ಎತ್ತಿದರೆ ನಮ್ಮ ಕೆಲಸ ಮುಗಿಯಿತು. ಆ ಗಳಿಗೆಯಲ್ಲಿ ಯಾವ ಪೈಲಟ್ಟೂ ಧರ್ಮಜಿಜ್ಞಾಸೆ ಮಾಡಿದ್ದನ್ನು ನಾನು ಕಂಡಿಲ್ಲ. ಪಿನ್ನು ಲೆಕ್ಕಕ್ಕೆ ಸರಿ ಬಂತೇ ಎಂಬುದಷ್ಟೇ ಅವರ ಕಣ್ಣಲ್ಲಿ ಇರುತ್ತದೆ. ಆದ್ದರಿಂದ ಚೆಷೈರ್ ಅವರ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಅವರು ಆಮೇಲೆ ಆಡಿದ ಮಾತುಗಳಿಗಿಂತ ಕಾಕ್‌ಪಿಟ್‌ನಲ್ಲಿ ಅವರ ಕೈ ಮಾಡಿದ ಕೆಲಸದಲ್ಲಿ ಹುಡುಕುವುದು ಮೇಲು.

1944ರ ಫೆಬ್ರವರಿ 8ರ ರಾತ್ರಿಯನ್ನು ತೆಗೆದುಕೊಳ್ಳಿ. ಆಗ ಅವರು 617ನೆಯ ಸ್ಕ್ವಾಡ್ರನ್ನಿನ ನಾಯಕ. ಫ್ರಾನ್ಸಿನ ಲಿಮೋಜ್ ಊರಿನ ವಿಮಾನ ಎಂಜಿನ್ ಕಾರ್ಖಾನೆ ಜರ್ಮನರ ಕೈಯಲ್ಲಿತ್ತು, ಅದನ್ನು ಕೆಡವಬೇಕಿತ್ತು. ಆದರೆ ರಾತ್ರಿ ಪಾಳಿಯಲ್ಲಿ ಅಲ್ಲಿ ದುಡಿಯುತ್ತಿದ್ದವರಲ್ಲಿ ಹೆಚ್ಚಿನವರು ಫ್ರೆಂಚ್ ಹೆಂಗಸರು, ಕಾರ್ಖಾನೆಯ ಸುತ್ತ ಅವರದೇ ಮನೆಗಳು. ಹನ್ನೆರಡು ಲ್ಯಾಂಕಾಸ್ಟರ್ ವಿಮಾನಗಳಲ್ಲಿ ಮುಂದಿನದನ್ನು ಹಾರಿಸುತ್ತಿದ್ದ ಚೆಷೈರ್ ಕಾರ್ಖಾನೆಯ ಸೂರಿಗೆ ತಾಗುವಷ್ಟು ಕೆಳಗಿಳಿದು ಮೂರು ಬಾರಿ ಸದ್ದು ಮಾಡುತ್ತ ಹಾದುಹೋದರು, ಬಾಂಬು ಹಾಕಲಿಲ್ಲ. ಒಳಗಿದ್ದವರು ಅರ್ಥ ಮಾಡಿಕೊಂಡು ಹೊರಗೆ ಓಡಿದ ಮೇಲೆ ನಾಲ್ಕನೆಯ ಸುತ್ತಿನಲ್ಲಿ ಗುರುತಿನ ಬೆಂಕಿ ಇಳಿಸಿದರು. ಹಿಂದಿನ ವಿಮಾನಗಳು ಆ ಗುರುತಿನ ಮೇಲೆ ಹೊಡೆದವು. ಕಾರ್ಖಾನೆ ನೆಲ ಕಚ್ಚಿತು, ಊರಿನವರಿಗೆ ಹೆಚ್ಚಿನ ಪ್ರಾಣಹಾನಿ ಆಗಲಿಲ್ಲ.

ಇದು ಕೇಳಲು ಸೊಗಸಾಗಿದೆ, ಆದರೆ ತಂತ್ರಜ್ಞನಾಗಿ ನಾನು ಇನ್ನೊಂದು ಲೆಕ್ಕವನ್ನೂ ಹಾಕಬೇಕು. ಲ್ಯಾಂಕಾಸ್ಟರ್ ವಿಮಾನದ ತಂಡವೆಂದರೆ ಏಳು ಜನ. ಒಂದೊಂದು ಸುತ್ತು ಹೆಚ್ಚಿಗೆ ಹಾಕಿದಾಗಲೂ ನೆಲದ ಮೇಲಿನ ಅಪರಿಚಿತರ ಪ್ರಾಣಕ್ಕಾಗಿ ತನ್ನ ಬೆನ್ನ ಹಿಂದೆ ಕುಳಿತ ಆರು ಜನರ ಪ್ರಾಣವನ್ನು ಪಣಕ್ಕಿಟ್ಟಂತಾಯಿತು. ಲಿಮೋಜ್‌ನಲ್ಲಿ ರಕ್ಷಣೆಗೆ ಒಂದೆರಡು ಮಷಿನ್‌ಗನ್ ಮಾತ್ರ ಇದ್ದುದರಿಂದ ಇದು ನಡೆಯಿತು. ನಾಲ್ಕೇ ದಿನಗಳ ಮೇಲೆ ದಕ್ಷಿಣ ಫ್ರಾನ್ಸಿನ ಆಂಥಿಯೋರ್ ರೈಲು ಸೇತುವೆಯ ಮೇಲೆ ಹೀಗೆಯೇ ಕೆಳಗಿಳಿದಾಗ ಗುಂಡಿನ ಮಳೆಯೇ ಎದುರಾಯಿತು, ಜೊತೆಗಿದ್ದ ಇನ್ನೊಂದು ವಿಮಾನದಲ್ಲಿ ಬಾಂಬು ಗುರಿಕಾರ ಸತ್ತುಹೋದ. ಕರುಣೆಗೂ ಆಕಾಶದಲ್ಲಿ ಒಂದು ಬೆಲೆಯಿದೆ, ಅದನ್ನು ತೆರುವವನು ಯಾವಾಗಲೂ ನಾಯಕನೇ ಆಗಿರುವುದಿಲ್ಲ.

ಇನ್ನು ಅವರ ಕಾಠಿಣ್ಯದ ಮಾತು, ಇದನ್ನು ಹೊಗಳುವವರು ಯಾರೂ ಎತ್ತುವುದಿಲ್ಲ. ಬ್ರಿಟಿಷ್ ಬಾಂಬರ್ ಕಮಾಂಡಿನಲ್ಲಿ ಸುಮಾರು 1,25,000 ಜನ ಹಾರಿದರು, 55,573 ಜನ ಸತ್ತರು. ನೂರಕ್ಕೆ ನಲವತ್ತನಾಲ್ಕು! ಮೂವತ್ತು ದಾಳಿಗಳ ಒಂದು ಸರದಿ ಮುಗಿಸುವುದೇ ಪುಣ್ಯ. ಅಂಥಲ್ಲಿ ಯಾರಾದರೂ ಇನ್ನು ಹಾರಲಾರೆ ಎಂದರೆ 'ನೈತಿಕ ಸ್ಥೈರ್ಯವಿಲ್ಲದವನು' ಎಂದು ಕಡತದಲ್ಲಿ ಬರೆದು, ಎದೆಯ ಮೇಲಿನ ರೆಕ್ಕೆಯ ಬಿಲ್ಲೆಯನ್ನು ಕಿತ್ತು ಕಳುಹಿಸುತ್ತಿದ್ದರು. ಚೆಷೈರ್ ಈ ವಿಷಯದಲ್ಲಿ ದಯೆ ತೋರಿದವರಲ್ಲ. ಹೆದರಿದ ಒಬ್ಬನಿಂದ ಇಡೀ ತಂಡ ಕೆಡುತ್ತದೆ ಎಂದು ತಕ್ಷಣ ಹೊರಗೆ ಕಳುಹಿಸುತ್ತಿದ್ದರು, ತಾವು ನಿರ್ದಯಿಯಾಗಿದ್ದುದನ್ನು ಆಮೇಲೆ ಅವರೇ ಒಪ್ಪಿಕೊಂಡರು. ಡೈಕ್ಸ್‌ನ ಹಾಸಿಗೆಯ ಪಕ್ಕ ರಾತ್ರಿಯಿಡೀ ಕುಳಿತದ್ದೂ ಇದೇ ಮನುಷ್ಯ. ಹಾಗೆ ಕಳುಹಿಸಿದ ಹುಡುಗರಲ್ಲಿ ಯಾರದಾದರೂ ಮುಖ ಆ ರಾತ್ರಿಗಳಲ್ಲಿ ಅವರಿಗೆ ನೆನಪಾಯಿತೋ ಇಲ್ಲವೋ ಬಲ್ಲವರು ಯಾರು? ನನಗಂತೂ ನಾಗಸಾಕಿಗಿಂತ ಈ ಪ್ರಶ್ನೆ ದೊಡ್ಡದಾಗಿ ಕಾಣುತ್ತದೆ.

ಸಂಸಾರದ ಮಾತು ಕೇಳಿದ್ದೀರಿ. 1941ರಲ್ಲಿ ಅಮೆರಿಕಕ್ಕೆ ಹೋಗಿದ್ದಾಗ ಪರಿಚಯವಾದ ಕೆಲವೇ ವಾರಗಳಲ್ಲಿ ಕಾನ್‌ಸ್ಟನ್ಸ್ ಬಿನ್ನಿ ಎಂಬ ನಟಿಯನ್ನು ಮದುವೆಯಾದರು. ಆಕೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹಿರಿಯರು. ಅದೇ ವರ್ಷದ ಆಗಸ್ಟ್‌ನಲ್ಲಿ, ಬಾಂಬರ್ ಪೈಲಟ್ಟೇ ಆಗಿದ್ದ ತಮ್ಮ ಕ್ರಿಸ್ಟೋಫರ್‌ನ ವಿಮಾನ ಉರುಳಿತು, ಆತ ಜರ್ಮನರ ಸೆರೆಯಾದ. 1943ರಲ್ಲಿ ಇಪ್ಪತ್ತೈದರ ಹರೆಯಕ್ಕೇ ಗ್ರೂಪ್ ಕ್ಯಾಪ್ಟನ್ ಪದವಿ ಬಂದು, ಮಾರ್ಸ್ಟನ್ ಮೂರ್ ವಾಯುನೆಲೆಯ ಅಧಿಕಾರ ಸಿಕ್ಕಿ, ಮನೆಯಾಗಿ ಮಾರ್ಪಡಿಸಿದ ಒಂದು ರೈಲು ಡಬ್ಬಿಯಲ್ಲಿ ಗಂಡಹೆಂಡತಿ ಸಂಸಾರ ಹೂಡಿದರು. ಅಲ್ಲಿಯೇ ಇದ್ದಿದ್ದರೆ ಯುದ್ಧ ಮುಗಿಯುವವರೆಗೂ ಪ್ರಾಣಕ್ಕೆ ಭಯವಿರಲಿಲ್ಲ. ಅವರು ಮಾಡಿದ್ದೇನೆಂದರೆ, ತಾವಾಗಿಯೇ ಒಂದು ಮೆಟ್ಟಿಲು ಕೆಳಗಿನ ಪದವಿಗೆ ಇಳಿದು ಮತ್ತೆ ದಾಳಿಗೆ ಹೋಗುವ ಅವಕಾಶ ಕೇಳಿ ಪಡೆದುಕೊಂಡರು. ಮದುವೆ ಉಳಿಯಲಿಲ್ಲ. ಪದವಿ ಬಿಟ್ಟದ್ದನ್ನು ಎಲ್ಲರೂ ತ್ಯಾಗವೆನ್ನುತ್ತಾರೆ, ಆ ಡಬ್ಬಿಯಲ್ಲಿ ಉಳಿದ ಹೆಂಗಸಿಗೆ ಅದು ಏನಾಗಿ ಕಂಡಿತೋ ಯಾರೂ ಕೇಳಲಿಲ್ಲ. ನನ್ನ ಹೆಂಡತಿ ಇದನ್ನು ಓದುತ್ತಿರುವುದರಿಂದ ಈ ವಿಷಯವನ್ನು ಇಲ್ಲಿಗೇ ನಿಲ್ಲಿಸುತ್ತೇನೆ.

ಉತ್ತರ 3 (ಕಥೋಲಿಕ ವಾಚಕ, ಮಂಗಳೂರು)

ಹಿಂದಿನ ಉತ್ತರದಲ್ಲಿ ಫೆಬ್ರವರಿ 8ರ ರಾತ್ರಿಯ ಪ್ರಸ್ತಾಪ ಬಂದದ್ದರಿಂದ ಮುಂದಿನ ಹಗಲಿನ ಸಂಗತಿ ಹೇಳುತ್ತೇನೆ. ಲಿಮೋಜ್‌ನಿಂದ ಆ ವಿಮಾನಗಳು ಮರಳಿದ ದಿನವೇ, ಫೆಬ್ರವರಿ 9ರಂದು, ಲಂಡನ್ನಿನ ಮೇಲ್ಮನೆಯಲ್ಲಿ ಚಿಚೆಸ್ಟರಿನ ಆಂಗ್ಲಿಕನ್ ಬಿಷಪ್ ಜಾರ್ಜ್ ಬೆಲ್ ಎದ್ದುನಿಂತು, ಜರ್ಮನಿಯ ನಗರಗಳನ್ನು ಊರಿಗೆ ಊರೇ ಸುಡುತ್ತಿರುವುದು ಧರ್ಮವೇ ಎಂದು ಸರಕಾರವನ್ನು ಪ್ರಶ್ನಿಸಿದರು. ಹ್ಯಾಂಬರ್ಗ್ ಸುಟ್ಟು ಆಗ ಏಳು ತಿಂಗಳೂ ಆಗಿರಲಿಲ್ಲ. ಯುದ್ಧದ ನಡುವೆ ಆ ಮಾತು ಯಾರಿಗೂ ಹಿಡಿಸಲಿಲ್ಲ. ಆಂಗ್ಲಿಕನ್ ಸಭೆಯ ಅತ್ಯುನ್ನತ ಸ್ಥಾನವಾದ ಕ್ಯಾಂಟರ್ಬರಿಯ ಪೀಠ ಅವರಿಗೆ ತಪ್ಪಲು ಇದೂ ಒಂದು ಕಾರಣವೆಂದು ಹಲವರು ನಂಬುತ್ತಾರೆ. ಒಬ್ಬರು ಸಭೆಯಲ್ಲಿ ನಿಂತು ಕೇಳಿದ್ದನ್ನು ಇನ್ನೊಬ್ಬರು ಹಿಂದಿನ ರಾತ್ರಿ ಸ್ಟಿಯರಿಂಗ್ ಹಿಡಿದು, ಒಂದು ಊರಿನ ಮಟ್ಟಿಗೆ, ಮಾಡಿ ಬಂದಿದ್ದರು. ಒಬ್ಬರಿಗೊಬ್ಬರು ಏನೂ ಹೇಳಿಕೊಂಡಿರಲಿಲ್ಲ. ಆದರೆ ಅದೇ ಪೈಲಟ್ ಅದಕ್ಕೆ ಮೊದಲಿನ ವರ್ಷಗಳಲ್ಲಿ ಜರ್ಮನಿಯ ನಗರಗಳ ಮೇಲೆ ಬಾಂಬು ಹಾಕಿದವರೂ ಹೌದು, ಇದನ್ನು ಮರೆಮಾಚಬಾರದು.

ಶಿಕ್ಷಕಿಯವರ ಕಥೆಯಲ್ಲಿ ನನಗೆ ತೊಡಕಾಗಿ ಕಾಣುವುದು ಕಾಲದ ಕ್ರಮ. ಯುದ್ಧದ ವರ್ಷಗಳಲ್ಲಿ ಚೆಷೈರ್ ಅವರಿಗೆ ಹೇಳಿಕೊಳ್ಳುವಂಥ ದೈವಭಕ್ತಿ ಇರಲೇ ಇಲ್ಲ, ಹಾಗಾಗಿ ಬಾಂಬು ಹಾಕುವಾಗ ಶಿಲುಬೆ ಹಿಡಿದು ತಳಮಳಿಸುವ ಪೈಲಟ್ಟನ್ನು ನಾವು ಕಲ್ಪಿಸಿಕೊಳ್ಳಬಾರದು. 1945ರಲ್ಲಿ ಲಂಡನ್ನಿನ ಒಂದು ಕ್ಲಬ್ಬಿನಲ್ಲಿ, ಕುಡಿಯುತ್ತ ಹರಟುತ್ತ, ದೇವರೆಂದರೆ ನಮ್ಮೊಳಗಿನ ಅಂತಃಸಾಕ್ಷಿ, ಅಷ್ಟೇ ಎಂದು ಅವರು ಹೇಳಿದಾಗ ಜೊತೆಗಿದ್ದ ಹೆಂಗಸೊಬ್ಬಳು ಅದು ಶುದ್ಧ ಅಸಂಬದ್ಧ, ದೇವರು ಒಬ್ಬ ವ್ಯಕ್ತಿ ಎಂದು ಬಾಯಿ ಮುಚ್ಚಿಸಿದಳಂತೆ. ಆ ಮಾತು ನಾಗಸಾಕಿಗಿಂತ ಹೆಚ್ಚು ಕಾಲ ಅವರನ್ನು ಕೊರೆಯಿತು. ಡೈಕ್ಸ್‌ನ ಮರಣದ ನಂತರ, 1948ರ ಡಿಸೆಂಬರ್ 24ರಂದು, ಅವರು ಕಥೋಲಿಕ ಧರ್ಮಸಭೆಯನ್ನು ಸೇರಿದರು.

ಕ್ಷಮೆಯ ವಿಷಯದಲ್ಲಿ ನಮ್ಮಲ್ಲಿ ಒಂದು ಸೂಕ್ಷ್ಮವಿದೆ. ಪಾಪನಿವೇದನೆಗೆ ಹೋದವನು ಮೊದಲು ಇದು ನನ್ನ ಪಾಪ ಎಂದು ಹೆಸರಿಟ್ಟು ಹೇಳಬೇಕು, ಆಮೇಲೆ ಧರ್ಮಗುರುಗಳು ಪ್ರಾಯಶ್ಚಿತ್ತ ವಿಧಿಸುತ್ತಾರೆ. ಹೆಸರಿಡದ ಪಾಪಕ್ಕೆ ಪ್ರಾಯಶ್ಚಿತ್ತವಿಲ್ಲ. ಹಾಗೆ ಹೆಸರಿಟ್ಟು ಹೇಳಿದವರೂ ಇದ್ದರು: ಅಣುಬಾಂಬು ಹಾಕಿದ ಪೈಲಟ್ಟುಗಳಿಗೆ ಟಿನಿಯನ್ ದ್ವೀಪದಲ್ಲಿ ಕಥೋಲಿಕ ಗುರುಗಳಾಗಿದ್ದ ಜಾರ್ಜ್ ಜಬೆಲ್ಕಾ, ಯುದ್ಧ ಮುಗಿದು ದಶಕಗಳಾದ ಮೇಲೆ, ನಾನು ಅವರನ್ನು ತಡೆಯಲಿಲ್ಲ, ಅದು ನನ್ನ ಪಾಪ ಎಂದು ಬಹಿರಂಗವಾಗಿ ಒಪ್ಪಿಕೊಂಡರು. ನಾಗಸಾಕಿಯ ಬಾಂಬು ಸಿಡಿದದ್ದು ಉರಕಾಮಿ ಬಡಾವಣೆಯ ಮೇಲೆ, ಜಪಾನಿನ ಅತ್ಯಂತ ಹಳೆಯ ಕಥೋಲಿಕ ಮನೆತನಗಳು ಶತಮಾನಗಳ ಕಿರುಕುಳ ಸಹಿಸಿ ಉಳಿದಿದ್ದ ಜಾಗ ಅದು. ಅಲ್ಲಿನ ಪ್ರಧಾನಾಲಯ ಪುಡಿಯಾಯಿತು, ಸಾವಿರಾರು ಭಕ್ತರು ಸತ್ತರು. ಬಾಂಬು ಹಾಕಿದ ವಿಮಾನದ ಪೈಲಟ್ ಚಾರ್ಲ್ಸ್ ಸ್ವೀನಿಯೂ ಕಥೋಲಿಕರೇ. ಮೂರು ವರ್ಷಗಳ ಮೇಲೆ ಚೆಷೈರ್ ಸೇರಿದ್ದು ಅದೇ ಸಭೆಯನ್ನು. ಆದರೂ ಜಬೆಲ್ಕಾ ಆಡಿದ ಮಾತನ್ನು ಅವರು ಆಡಲಿಲ್ಲ. ಅವರನ್ನು ಸಂತರ ಸಾಲಿಗೆ ಸೇರಿಸುವ ಪ್ರಕ್ರಿಯೆ ಇಂಗ್ಲೆಂಡಿನಲ್ಲಿ ಆರಂಭವಾಗಿದೆ. ನಾನು ಅವರನ್ನು ಗೌರವಿಸುತ್ತೇನೆ, ಆದರೆ ಆ ಪ್ರಾರ್ಥನೆಗೆ ಕೈಜೋಡಿಸುವಾಗ ಉರಕಾಮಿಯ ಹೆಸರು ನನ್ನ ಗಂಟಲಲ್ಲಿ ನಿಲ್ಲುತ್ತದೆ.

ಸಂಸಾರದ ಕಥೆಗೆ ನಮ್ಮ ದೇಶದ ಒಂದು ಕೊಂಡಿಯೂ ಇದೆ. 1959ರ ಏಪ್ರಿಲ್ 5ರಂದು ಮುಂಬಯಿಯ ಕಥೋಲಿಕ ಪ್ರಧಾನಾಲಯದಲ್ಲಿ ಅವರು ಸ್ಯೂ ರೈಡರ್ ಅವರನ್ನು ವಿವಾಹವಾದರು. ಆಕೆಯೂ ಯುದ್ಧಕಾಲದಲ್ಲಿ ದುಡಿದು, ಆಮೇಲೆ ಯುರೋಪಿನ ನಿರಾಶ್ರಿತರಿಗಾಗಿ ಸ್ವಂತ ಸಂಸ್ಥೆ ಕಟ್ಟಿದವರು. ಈ ಸಲ ಕೆಲಸ ಮತ್ತು ಸಂಸಾರ ಒಂದೇ ಗಾಡಿಗೆ ಹೂಡಿದ ಜೋಡೆತ್ತಿನಂತಾದವು.

ಉತ್ತರ 4 (ಓದುಗ, ಕಲಬುರಗಿ)

ಈ ಕಥೆ ನಮಗೆ ಇಷ್ಟು ಸಲೀಸಾಗಿ ಒಪ್ಪಿಗೆಯಾದದ್ದು ಅದರ ಅಚ್ಚು ನಮ್ಮಲ್ಲಿ ಮೊದಲೇ ಇದ್ದುದರಿಂದ: ಕಳಿಂಗ ಯುದ್ಧ, ಅಶೋಕನ ಪಶ್ಚಾತ್ತಾಪ, ಆಮೇಲೆ ಧರ್ಮಕಾರ್ಯ. ಯೋಧನೊಬ್ಬ ಒಳ್ಳೆಯ ಕೆಲಸ ಮಾಡಿದನೆಂದರೆ ಅವನನ್ನು ಆ ಅಚ್ಚಿಗೆ ಹಾಕದೆ ನಮಗೆ ಸಮಾಧಾನವಿಲ್ಲ. ಆದರೆ ಅಶೋಕನ ದುಃಖ ಕೆತ್ತಿರುವ ಹದಿಮೂರನೆಯ ಶಾಸನ ಕಳಿಂಗದ ಧೌಲಿ ಮತ್ತು ಜೌಗಡದ ಬಂಡೆಗಳಲ್ಲಿ ಇಲ್ಲವೇ ಇಲ್ಲ; ಅಲ್ಲಿ ಅದನ್ನು ಬಿಟ್ಟು ಬೇರೆ ಎರಡು ಶಾಸನಗಳನ್ನು ಹಾಕಿಸಿದ್ದಾನೆ. ಆ ಎರಡೂ ನಮ್ಮ ಜಿಲ್ಲೆಯ ಸನ್ನತಿಯಲ್ಲಿಯೂ ಸಿಕ್ಕಿವೆ. ನೊಂದವರ ಎದುರಿಗೆ ನಿಂತು ತಪ್ಪಾಯಿತು ಎನ್ನುವುದು ಚಕ್ರವರ್ತಿಗೂ ಆಗಲಿಲ್ಲ. ಚೆಷೈರ್ ಕನಿಷ್ಠಪಕ್ಷ ತಮಗೆ ಅನಿಸದಿದ್ದುದನ್ನು ಅನಿಸಿತೆಂದು ಹೇಳಲಿಲ್ಲ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಎಲ್ಲರಿಗೂ ಕೃತಜ್ಞತೆಗಳು. ಮೂವತ್ತು ವರ್ಷ ಹೇಳಿದ ಕಥೆ ಕೈಬಿಟ್ಟು ಹೋದದ್ದು ಸುಲಭವಾಗಿ ಅರಗುವ ಸಂಗತಿಯಲ್ಲ, ನನ್ನ ಹಳೆಯ ವಿದ್ಯಾರ್ಥಿಗಳಿಗೆಲ್ಲ ಪತ್ರ ಬರೆಯಲಂತೂ ಆಗುವುದಿಲ್ಲ. ನೀವೆಲ್ಲರೂ ಬರೆದದ್ದನ್ನು ಕಳೆದ ಭಾನುವಾರ ಅಕ್ಕನ ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಡೈಕ್ಸ್‌ನ ಭಾಗ ಬಂದಾಗ ನಮ್ಮ ಹುಡುಗ ತಡೆದು, ಮಗ್ಗುಲು ಹೊರಳಿಸುವುದನ್ನು ಅವರು ಯಾರ ಹತ್ತಿರವೂ ಕೇಳಿಕೊಳ್ಳದೆ ಕಲಿತರೇ ಎಂದು ಎರಡು ಬಾರಿ ಕೇಳಿದ. ಅವನ ಅಪ್ಪನಿಗೆ ಅದನ್ನು ಸರಿಯಾಗಿ ಮಾಡಲು ಬಂದದ್ದು ಎಷ್ಟೋ ವರ್ಷಗಳ ಮೇಲೆ, ಅದಕ್ಕೇ ಅವನಿಗೆ ಅಷ್ಟು ಆಸಕ್ತಿ. ನಾಗಸಾಕಿಯ ಬಗ್ಗೆ ಅವನು ಏನೂ ಕೇಳಲಿಲ್ಲ.

ಆದರೆ ವಾಯುಸೇನೆಯ ಹಿರಿಯರಿಗೆ ಅವನದೊಂದು ಪ್ರಶ್ನೆಯಿದೆ, ಅವನ ಮಾತಿನಲ್ಲಿಯೇ ಬರೆಯುತ್ತೇನೆ: "ಸರ್, ಲಿಮೋಜ್‌ನಲ್ಲಿ ಎರಡನೇ ಸುತ್ತು ಮುಗಿಸಿ ಮೂರನೆಯದಕ್ಕೆ ತಿರುಗಿಸಿದಾಗ ಹಿಂದೆ ಕೂತಿದ್ದ ಆರು ಜನಕ್ಕೆ ಬೇಡ ಅನ್ನೋ ಅವಕಾಶ ಇತ್ತಾ?"

ಉತ್ತರ 2ರವರಿಂದ

ಇರಲಿಲ್ಲ ಮಗು. ವಿಮಾನದಲ್ಲಿ ಪೈಲಟ್ಟಿನ ಮಾತೇ ಕೊನೆ. ಬೇಡ ಎನ್ನುವುದಾದರೆ ನೆಲದ ಮೇಲೆಯೇ ಅನ್ನಬೇಕಿತ್ತು, ಅಂದಿದ್ದರೆ ಅವರ ಕಡತದಲ್ಲಿ ಏನು ಬರೆಯುತ್ತಿದ್ದರೆಂದು ಮೇಲೆ ಹೇಳಿದ್ದೇನೆ.